ಮೇಜು ಒರೆಸುವವನ ಕಣ್ಣು

ಮೇಜು ಒರೆಸುವುದರಲ್ಲಿ ಎರಡು ಬಗೆ ಇದೆ. ಗಿರಾಕಿ ಎದ್ದು ಹೋದ ಮೇಲೆ ಒರೆಸುವುದು ಒಂದು. ಗಿರಾಕಿ ಕೂತಿರುವಾಗಲೇ ಅವರ ಮೊಣಕೈ ತಪ್ಪಿಸಿ, ಕಾಫಿ ಲೋಟದ ಸುತ್ತ ಒರೆಸುವುದು ಇನ್ನೊಂದು. ಪಿಯುಸಿ ಓದುವಾಗ ಎರಡು ಬೇಸಿಗೆ ರಜೆ ಅರಸೀಕೆರೆಯಲ್ಲಿ ಮಾವನ ಹೋಟೆಲಿನಲ್ಲಿ ಕ್ಲೀನರ್ ಆಗಿದ್ದವನು ನಾನು. ಎರಡನೆಯ ಬಗೆಯಲ್ಲಿ ಚೆನ್ನಾಗಿ ಪಳಗಿದ್ದೆ. ಯಾರ ತೋಟ ಮಾರಾಟಕ್ಕೆ ಬಂದಿದೆ, ಯಾವ ಮನೆಗೆ ಎಲ್ಲಿಂದ ಗಂಡು ಬಂದಿದೆ, ಯಾವ ಮೇಷ್ಟ್ರು ಯಾರ ಹತ್ತಿರ ಕೈಸಾಲ ಕೇಳುತ್ತಿದ್ದಾರೆ, ಎಲ್ಲ ನನಗೆ ಗೊತ್ತಿರುತ್ತಿತ್ತು. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದವನು ಹತ್ತಿರ ಬಂದ ಅಂತ ಯಾರೂ ಮಾತು ನಿಲ್ಲಿಸುವುದಿಲ್ಲ.

ಇಪ್ಪತ್ತು ವರ್ಷದ ಮೇಲೆ ಆ ಒದ್ದೆ ಬಟ್ಟೆ ನೆನಪಾಗಿದ್ದು ಒಂದು ವಿಡಿಯೋ ಗೇಮ್ ಆಡುವಾಗ. ಹೆಸರು ಕಾರ್ಡ್ ಶಾರ್ಕ್. 2022ರ ಜೂನ್‌ನಲ್ಲಿ ಬಂದದ್ದು. ಮಾಡಿದವರು ನೀರಿಯಲ್ ಎಂಬ ಸಣ್ಣ ತಂಡ, ಹೊರತಂದವರು ಡೆವಾಲ್ವರ್ ಡಿಜಿಟಲ್. ಕಾಲ ಹದಿನೆಂಟನೆಯ ಶತಮಾನ, ದೇಶ ಫ್ರಾನ್ಸ್, ದೊರೆ ಹದಿನೈದನೆಯ ಲೂಯಿ. ನಾಯಕ ಯೂಜೀನ್ ಎಂಬ ಹುಡುಗ. ಪಿರನೀಸ್ ಬೆಟ್ಟಗಳ ಬುಡದ ಪೋ ಎಂಬ ಊರಿನ ಒಂದು ಹೆಂಡದಂಗಡಿಯಲ್ಲಿ ಕೆಲಸ. ಮಾತು ಬಾರದು. ಆಟದಲ್ಲಿ ಅವನಿಂದ, ಅಂದರೆ ನಮ್ಮಿಂದ, ಮಾಡಿಸುವ ಮೊದಲ ಮೋಸ ಯಾವುದು ಗೊತ್ತೆ? ಮೇಜು ಒರೆಸುವುದು!

ಅಲ್ಲಿಗೆ ಒಬ್ಬ ಕೌಂಟ್, ಅಂದರೆ ಬಿರುದು ಹೊತ್ತ ಶ್ರೀಮಂತ, ಬಂದು ಇಸ್ಪೀಟು ಆಡಲು ಕೂರುತ್ತಾನೆ. ಎದುರಾಳಿಯ ಲೋಟಕ್ಕೆ ವೈನ್ ಸುರಿಯಲು ಯೂಜೀನ್ ಅವನ ಬೆನ್ನ ಹಿಂದೆ ನಿಲ್ಲಬೇಕು. ಸುರಿಯುತ್ತಲೇ ಭುಜದ ಮೇಲಿಂದ ಎಲೆ ನೋಡಬೇಕು. ಲೋಟ ತುಂಬಿ ಚೆಲ್ಲುವ ಮೊದಲು ಸೀಸೆ ಎತ್ತಬೇಕು. ಆಮೇಲೆ ಬಟ್ಟೆ ತೆಗೆದು ಮೇಜು ಒರೆಸಬೇಕು. ಒರೆಸುವ ರೀತಿಯೇ ಸಂದೇಶ: ಆಟಿನ್ನಿಗೆ ಒಂದು ಥರ, ಇಸ್ಪೀಟಿಗೆ ಒಂದು ಥರ, ಕಳಾವರ್‌ಗೆ, ಡೈಮನ್ನಿಗೆ ಬೇರೆ ಬೇರೆ ಥರ. ಕೌಂಟ್ ಅದನ್ನು ಓದಿಕೊಂಡು ಪಣ ಏರಿಸುತ್ತಾನೆ.

ಮೊದಲ ದಿನ ನಾನು ಆರು ಸಲ ವೈನ್ ಚೆಲ್ಲಿದೆ. ಎಲೆ ನೋಡುತ್ತಿದ್ದರೆ ಲೋಟ ಮರೆಯುತ್ತಿತ್ತು, ಲೋಟ ನೋಡಿದರೆ ಎಲೆ. ಹೋಟೆಲಿನಲ್ಲಿ ಸಾಂಬಾರಿನ ಬಕೆಟ್ ಹಿಡಿದು ಪಂಕ್ತಿಗೆ ಬಡಿಸಿದ ಕೈ ಇದು, ಆದರೂ ಚೆಲ್ಲಿದೆ. ಏಳನೆಯ ಸಲ ಒಂದು ಉಪಾಯ ಹೊಳೆಯಿತು. ಲೋಟ ನೋಡುವುದನ್ನೇ ಬಿಟ್ಟೆ. ಸೀಸೆ ಬಗ್ಗಿಸಿದ ಕ್ಷಣದಿಂದ ಬಾಯಲ್ಲಿ ಎಣಿಸಲು ಶುರು ಮಾಡಿದೆ. ಎಣಿಕೆ ಮುಗಿದಾಗ ಸೀಸೆ ಮೇಲಕ್ಕೆ. ಕಣ್ಣು ಪೂರ್ತಿ ಎಲೆಗಳ ಮೇಲೆ. ಕೆಲಸ ಆಯಿತು. ಸಾಂಬಾರು ಬಡಿಸುವಾಗಲೂ ಸೌಟು ನೋಡುತ್ತಿರಲಿಲ್ಲವಲ್ಲ, ಮುಂದಿನ ಎಲೆಯಲ್ಲಿ ಅನ್ನ ಎಷ್ಟಿದೆ ಅಂತ ನೋಡುತ್ತಿದ್ದೆ.

ಅಂಗಡಿಯ ಆ ಆಟ ಕೆಟ್ಟು ಗಲಾಟೆಯಾಗುತ್ತದೆ, ಯೂಜೀನ್ ಕೌಂಟ್‌ನ ಜೊತೆ ಊರು ಬಿಡುತ್ತಾನೆ. ಮುಂದಿನ ಕಥೆ ಹೇಳುವುದಿಲ್ಲ. ಈ ಕೌಂಟ್ ಚರಿತ್ರೆಯಲ್ಲಿ ನಿಜವಾಗಿ ಇದ್ದವನು: ಕೌಂಟ್ ಆಫ್ ಸೇಂಟ್ ಜರ್ಮೇನ್. ಎಲ್ಲಿ ಹುಟ್ಟಿದ, ಅಪ್ಪ ಅಮ್ಮ ಯಾರು ಅಂತ ಯಾರಿಗೂ ಸರಿಯಾಗಿ ಹೇಳಲಿಲ್ಲ. ಪಿಟೀಲು ನುಡಿಸುತ್ತಿದ್ದ, ವಜ್ರದ ಕಲೆ ತೆಗೆಯಬಲ್ಲೆ ಎನ್ನುತ್ತಿದ್ದ, ನೂರಾರು ವರ್ಷದಿಂದ ಬದುಕಿದ್ದಾನೆ ಎಂಬ ಸುದ್ದಿ ಹಬ್ಬಿದ್ದರೂ ಅಲ್ಲಗಳೆಯಲಿಲ್ಲ. ಸಾವಿಲ್ಲದವನು, ಸರ್ವಜ್ಞ ಅಂತ ಆ ಕಾಲದ ಫ್ರೆಂಚ್ ಲೇಖಕ ವಾಲ್ಟೇರ್ ಅವನನ್ನು ಕುಟುಕಿದ್ದಾನೆ. 1784ರಲ್ಲಿ ಎಲ್ಲರಂತೆ ತೀರಿಕೊಂಡ. ಮೋಸ ಕಲಿಸುವ ಗುರುವಿಗೆ ಇವನಿಗಿಂತ ಒಳ್ಳೆಯ ಆಯ್ಕೆ ಇರಲಿಲ್ಲ.

ಗುರು ಬಾಯಿಬಡುಕ, ಶಿಷ್ಯ ಮೂಕ. ಗೇಮ್ ಮಾಡಿದವರ ಜಾಣತನ ನನಗೆ ಕಂಡದ್ದು ಇಲ್ಲೇ. ಮೇಜಿನಲ್ಲಿ ಎಲ್ಲರ ಕಣ್ಣೂ ಕೌಂಟ್‌ನ ಮೇಲೆ. ಅವನ ರೇಷ್ಮೆ ಅಂಗಿ, ಅವನ ಹರಟೆ, ಅವನ ಉಂಗುರ. ನಿಜವಾದ ಕೆಲಸ ಮಾಡುವ ಹುಡುಗ ಮೂಲೆಯಲ್ಲಿ. ಮಾತಾಡದ ಆಳನ್ನು ಬಹಳ ಜನ ಕಿವಿಯೂ ಕೇಳಿಸದವನು, ತಲೆಯೂ ಇಲ್ಲದವನು ಅಂದುಕೊಳ್ಳುತ್ತಾರೆ. ಯೂಜೀನ್‌ನ ಬಂಡವಾಳ ಅದೇ. ಲೂವ್ರ್ ಮ್ಯೂಸಿಯಮ್ಮಿನಲ್ಲಿ ಜಾರ್ಜ್ ದ ಲಾ ಟೂರ್ 1630ರ ದಶಕದಲ್ಲಿ ಬರೆದ ಒಂದು ಚಿತ್ರವಿದೆ. ಇಂಟರ್‌ನೆಟ್ಟಿನಲ್ಲಿ ದೊಡ್ಡದು ಮಾಡಿ ನೋಡಿದೆ. ಮೋಸಗಾರ ಬೆನ್ನ ಹಿಂದೆ ನಡುಪಟ್ಟಿಯಿಂದ ಡೈಮನ್ ಎಕ್ಕ ಎಳೆಯುತ್ತಿದ್ದಾನೆ. ಎದುರಿಗೆ ಜರಿ ಬಟ್ಟೆಯ ಶ್ರೀಮಂತ ಹುಡುಗ, ಅವನಿಗೆ ಯಾವುದರ ಪರಿವೆಯೂ ಇಲ್ಲ. ನಡುವೆ ವೈನ್ ಹಿಡಿದು ನಿಂತ ಸೇವಕಿ ಇದ್ದಾಳಲ್ಲ, ಅವಳ ಓರೆಗಣ್ಣು ನೋಡಿ. ಅವಳಿಗೆ ಎಲ್ಲ ಗೊತ್ತು. ಅಂದರೆ ಯೂಜೀನ್‌ಗಿಂತ ನೂರು ವರ್ಷ ಮೊದಲೇ ವೈನ್ ಸುರಿಯುವವರ ಮೇಲೆ ಚಿತ್ರಕಾರರಿಗೆ ಅನುಮಾನವಿತ್ತು.

ಅನುಮಾನಕ್ಕೆ ಕಾರಣವೂ ಇತ್ತು. ಈಗಿನ ಎಲೆಗಳಲ್ಲಿ ಮೂಲೆಯಲ್ಲೊಂದು ಸಣ್ಣ ಅಕ್ಷರ, ಸಣ್ಣ ಗುರುತು ಇರುತ್ತದೆ. ಎಲೆಗಳನ್ನು ಬೆರಳಗಲ ಬಿಡಿಸಿದರೆ ಸಾಕು. ಆ ಮೂಲೆಯ ಗುರುತು ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಮೊದಲು ತನ್ನ ಕೈಯಲ್ಲೇನಿದೆ ಅಂತ ನೋಡಲು ಆಟಗಾರ ಎಲೆಗಳನ್ನು ನವಿಲುಗರಿಯ ಹಾಗೆ ಅಗಲಕ್ಕೆ ಬಿಡಿಸಬೇಕಿತ್ತು. ಹಿಂದೆ ನಿಂತವನಿಗೆ ಹಬ್ಬ. ಎಲೆಯ ಬೆನ್ನಿಗೂ ಆಗ ಚಿತ್ತಾರವಿರಲಿಲ್ಲ, ಬರೀ ಬಿಳಿ. ಬಿಳಿಯ ಮೇಲೆ ಉಗುರಿನ ಒಂದು ಗೀರು, ಒಂದು ಸಣ್ಣ ಕಲೆ ಸಾಕು, ಅದನ್ನೇ ಹುಡುಕುತ್ತಿರುವ ಕಣ್ಣಿಗೆ ಕಾಣುತ್ತದೆ. ಚಿತ್ತಾರದ ಬೆನ್ನು ಚಂದಕ್ಕೆ ಬಂದದ್ದು ಅಂತ ನಾನು ಇಷ್ಟು ದಿನ ತಿಳಿದಿದ್ದೆ.

ಇಷ್ಟೆಲ್ಲ ಜೂಜು ನಡೆಯುತ್ತಿದ್ದಾಗ ಸರ್ಕಾರವೂ ಸುಮ್ಮನಿರಲಿಲ್ಲ, ತನ್ನ ಪಾಲು ತೆಗೆದುಕೊಂಡಿತು. 1751ರಲ್ಲಿ ಲೂಯಿ ದೊರೆ ಪ್ಯಾರಿಸ್ಸಿನ ಸೈನಿಕ ಶಾಲೆ ಸ್ಥಾಪಿಸಲು ಆಜ್ಞೆ ಹೊರಡಿಸಿದಾಗ ಅದರ ಖರ್ಚಿಗೆ ಗೊತ್ತುಮಾಡಿದ್ದು ಇಸ್ಪೀಟು ಎಲೆಗಳ ಮೇಲಿನ ತೆರಿಗೆ. ಮುಂದೆ ನೆಪೋಲಿಯನ್ ಓದಿದ್ದು ಅದೇ ಶಾಲೆಯಲ್ಲಿ. ಮೋಸಕ್ಕೂ ಆ ಕಾಲದ ಸಭ್ಯರ ಬಾಯಲ್ಲಿ ಒಂದು ಸಭ್ಯ ಮಾತಿತ್ತು: 'ಅದೃಷ್ಟವನ್ನು ತಿದ್ದುವುದು'. ನಮ್ಮ ಕಡೆ 'ಕೈಚಳಕ' ಅನ್ನುತ್ತೇವೆ, ಅದೂ ಹೊಗಳಿಕೆಯ ಮಾತೇ.

ಆಟಕ್ಕೆ ವಾಪಸು ಬರುತ್ತೇನೆ. ನನ್ನನ್ನು ನಿಜವಾಗಿ ಅಳಿಸಿದ್ದು ಎಲೆ ಕಲೆಸುವ ಪಾಠ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವ ದಾರಿಯಲ್ಲಿ, ಕುದುರೆ ಗಾಡಿಯೊಳಗೆ, ಕೌಂಟ್ ಹೊಸ ವಿದ್ಯೆ ಹೇಳಿಕೊಡುತ್ತಾನೆ. ಗಾಡಿಯಲ್ಲಿ ಎಲ್ಲ ಸಲೀಸು. ಇಳಿದು ಮೇಜಿನ ಮುಂದೆ ನಿಂತ ತಕ್ಷಣ ಪರದೆಯ ಕೆಳಗೆ ಎದುರಾಳಿಯ ಅನುಮಾನ ತೋರಿಸುವ ಪಟ್ಟಿಯೊಂದು ತುಂಬತೊಡಗುತ್ತದೆ. ತಡ ಮಾಡಿದಷ್ಟೂ ತುಂಬುತ್ತದೆ, ದೊಡ್ಡ ಪಣ ಕಟ್ಟಿದರೆ ಇನ್ನೂ ಬೇಗ. ಪೂರ್ತಿ ತುಂಬಿದರೆ ಸಿಕ್ಕಿಬಿದ್ದ ಹಾಗೆ.

ಕಲೆಸುವುದರ ಲೆಕ್ಕ ಹೀಗೆ. ನಾಲ್ಕು ಜನ ಕೂತಿದ್ದಾರೆ, ನಮ್ಮವನು ಮೂರನೆಯವನು ಅಂದುಕೊಳ್ಳಿ. ಅವನಿಗೆ ಬೀಳುವ ಎಲೆಗಳು ಕಟ್ಟಿನ ಮೇಲಿನಿಂದ ಮೂರನೆಯದು, ಏಳನೆಯದು, ಹನ್ನೊಂದನೆಯದು. ಹಾಗಾದರೆ ಮೊದಲ ರಾಜನ ಮೇಲೆ ಎರಡು ಪುಡಿ ಎಲೆ, ಆಮೇಲೆ ಎರಡು ರಾಜರ ನಡುವೆ ಮೂರು ಮೂರು ಪುಡಿ ಎಲೆ ಬರಬೇಕು. ಎಲ್ಲರ ಕಣ್ಣೆದುರು ಸುಮ್ಮನೆ ಕಲೆಸುವ ಹಾಗೆ ನಟಿಸುತ್ತ ಇದನ್ನು ಜೋಡಿಸಬೇಕು. ಜೋಡಿಸಿದ್ದು ಚದುರದ ಹಾಗೆ ಒಂದು ಎಲೆಯನ್ನು ಕಟ್ಟಿನಿಂದ ಕೂದಲೆಳೆಯಷ್ಟು ಹೊರಗೆ ಚಾಚಿಟ್ಟು, ಮಿಕ್ಕದ್ದನ್ನು ಅದರ ಮೇಲೆ ಕಲೆಸಿ, ಕೊನೆಗೆ ಬೆರಳಿನಿಂದ ಆ ಚಾಚು ಹುಡುಕಿ ಅಲ್ಲೇ ಕಟ್ ಮಾಡಬೇಕು. ಓದುವಾಗ ಇದು ಮೂರನೇ ಕ್ಲಾಸಿನ ಲೆಕ್ಕ. ಅನುಮಾನದ ಪಟ್ಟಿ ತುಂಬುತ್ತಿರುವಾಗ ನನಗೆ ಮೂರರ ಮಗ್ಗಿಯೂ ನೆನಪಿಗೆ ಬರಲಿಲ್ಲ.

ಮೂರು ರಾತ್ರಿ ಸೋತ ಮೇಲೆ ಪೇಟೆಯಿಂದ ಒಂದು ಇಸ್ಪೀಟ್ ಕಟ್ಟು ತಂದೆ. ಹೊಸ ಎಲೆ ಜಾರುತ್ತದೆ, ಬೆರಳಿಗೆ ನಿಲ್ಲುವುದಿಲ್ಲ. ಹತ್ತು ದಿನ ಕಲೆಸಿ ಹಳೆಯದಾದ ಮೇಲೆ ಹದಕ್ಕೆ ಬಂತು. ಊಟದ ಮೇಜಿನಲ್ಲಿ ಕೂತು ಜೋರಾಗಿ ಹೇಳಿಕೊಳ್ಳುತ್ತಿದ್ದೆ: 'ಎರಡು ಬಿಡು, ರಾಜ ಇಡು, ಮೂರು ಬಿಡು, ರಾಜ ಇಡು, ಮೂತಿ ಚಾಚು, ಕಲೆಸಿ ಮುಚ್ಚು.' ಪ್ರಾಸ ಸೇರಿದ ಮೇಲೆ ಕೈಗೆ ತಾನಾಗಿ ಬಂತು. ಹೆಂಡತಿ ಅಡುಗೆಮನೆಯಿಂದ, 'ಏನ್ರೀ ಅದು, ಮಂತ್ರಾನಾ?' ಅಂದಳು. ಮಾತು ಬಾರದ ಹುಡುಗನನ್ನು ಆಡಿಸಲು ನಾನು ಮನೆ ತುಂಬ ಮಾತಾಡುತ್ತಿದ್ದೆ. ಮತ್ತೆ ಗೇಮಿಗೆ ಹೋದಾಗ ಮೊದಲ ಯತ್ನದಲ್ಲೇ ದಾಟಿದೆ. ಪ್ರತಿ ಹೊಸ ವಿದ್ಯೆಗೂ ಕ್ಯಾಲೆಂಡರಿನ ಹಿಂದೆ ಒಂದು ಸಾಲು ಪ್ರಾಸ ಬರೆದಿಟ್ಟುಕೊಂಡೆ. ಆಡಲು ಹೊರಟವರಿಗೆ ನಾನು ಹೇಳುವುದು ಇದೊಂದೇ: ಗುಂಡಿ ಒತ್ತುವ ಕ್ರಮ ನೆನಪಿಟ್ಟುಕೊಳ್ಳಬೇಡಿ, ಕೈ ಏನು ಮಾಡುತ್ತಿದೆ ಅನ್ನುವುದಕ್ಕೆ ಒಂದು ಮಾತು ಕಟ್ಟಿಕೊಳ್ಳಿ. ಮತ್ತೆ, ಬೇಕೆಂದೇ ಒಂದೊಂದು ಸುತ್ತು ಸೋಲಿ. ಸೋತವನ ಮೇಲೆ ಯಾರಿಗೂ ಅನುಮಾನವಿಲ್ಲ, ಪಟ್ಟಿ ಇಳಿಯುತ್ತದೆ. ನನಗೆ ಇದು ಬಹಳ ತಡವಾಗಿ ಬುದ್ಧಿಗೆ ಬಂತು, ಏಕೆಂದರೆ ಸೋಲುವುದು ನನಗೆ ಆಗದು.

ಸಿಕ್ಕಿಬಿದ್ದು ಸತ್ತರೆ ಸಾವು ಎದುರಿಗೆ ಬಂದು ಕೂರುತ್ತದೆ, ಅದರ ಜೊತೆಗೂ ಎಲೆ ಆಡಬಹುದು. ಸಾವಿಗೇ ಮೋಸ ಮಾಡಿ ವಾಪಸು ಬಂದ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ ಗಮನಿಸಿದ್ದು ಬಹಳ ಹೊತ್ತಿನ ಮೇಲೆ. ಆ ಮೇಜುಗಳಲ್ಲಿ ಅವರು ಆಡುತ್ತಿರುವ ಆಟದ ನಿಯಮ ಏನು ಅಂತ ಗೇಮ್ ನಮಗೆ ಹೇಳಿಕೊಡುವುದೇ ಇಲ್ಲ! ಯಾರಿಗೆ ಎಷ್ಟು ಎಲೆ ಬಂದರೆ ಗೆಲುವು, ಯಾವುದಕ್ಕೆ ಯಾವುದು ಮೇಲು, ಏನೂ ಇಲ್ಲ. ಮೊದಲು ಇದು ಕೊರತೆ ಅನಿಸಿತು. ಆಮೇಲೆ ಯೋಚಿಸಿದರೆ ಸರಿಯಾಗಿಯೇ ಇದೆ. ಹೋಟೆಲಿನಲ್ಲಿ ಆ ತೋಟದ ವ್ಯಾಪಾರದ ಒಳಸುಳಿ ನನಗೇನು ಗೊತ್ತಿತ್ತು? ಯಾರು ಎಷ್ಟಕ್ಕೆ ಒಪ್ಪುತ್ತಾರೆ ಅನ್ನುವುದಷ್ಟೇ ಕೇಳಿಸಿಕೊಂಡಿದ್ದೆ. ಆಟ ದೊಡ್ಡವರದು. ಹುಡುಗನ ಪಾಲಿಗೆ ಬರುವುದು ಒಂದು ನೋಟ, ಒಂದು ಸನ್ನೆ.

ಇಷ್ಟು ಕಲಿತ ಮೇಲೆ ಸುಮ್ಮನಿರಲಾದೀತೆ? ನಮ್ಮ ಕಡೆ ಯುಗಾದಿ ಅಂದರೆ ಇಸ್ಪೀಟು. ಬೆಳಿಗ್ಗೆ ಬೇವು ಬೆಲ್ಲ, ಮಧ್ಯಾಹ್ನ ಒಬ್ಬಟ್ಟು, ಆಮೇಲೆ ಜಗುಲಿಯಲ್ಲಿ ಚಾಪೆ ಹಾಸಿದರೆ ಮಾರನೆಯ ದಿನ ಹೊಸತೊಡಕಿನ ಮಟನ್ ಬೇಯುವವರೆಗೂ ಎಲೆ ಬೀಳುತ್ತಲೇ ಇರುತ್ತದೆ. ಮಾವನ ಮನೆಯಲ್ಲಿ ಒಂದು ರೂಪಾಯಿ, ಎರಡು ರೂಪಾಯಿ ಚಿಲ್ಲರೆಯ ಆಟ. ಆ ಸಲ ಕಲೆಸುವ ಸರದಿ ನನ್ನದು ಬಂದಾಗ ಎರಡು ಬಿಟ್ಟೆ, ರಾಜ ಇಟ್ಟೆ, ಮೂರು ಬಿಟ್ಟೆ. ಮೂತಿ ಚಾಚುವಷ್ಟರಲ್ಲಿ ಅತ್ತೆ ತಮ್ಮ ಎಲೆಯಡಿಕೆ ಡಬ್ಬಿ ಮುಚ್ಚಿ, 'ಲೋ, ಏನೋ ಅದು ಬಾಯಲ್ಲಿ ಗೊಣಗ್ತಾ ಇದೀಯ?' ಅಂದರು.

ತುಟಿ ಅಲ್ಲಾಡುತ್ತಿತ್ತು. ಬೆರಳಲ್ಲಿ ತಪ್ಪಿರಲಿಲ್ಲ.

ಅತ್ತೆ ಮೂವತ್ತು ವರ್ಷ ಗಲ್ಲಾ ಮೇಲೆ ಕೂತವರು. ಯಾವ ಸಪ್ಲೈಯರ್ ಬಿಲ್ಲಿನಲ್ಲಿ ಒಂದು ವಡೆ ನುಂಗುತ್ತಾನೆ ಅಂತ ಅವನ ನಡಿಗೆ ನೋಡಿ ಹೇಳುತ್ತಿದ್ದರು. ಕಟ್ಟು ನನ್ನ ಕೈಯಿಂದ ಕಿತ್ತುಕೊಂಡರು. 'ಇವತ್ತು ನೀನು ಎಲೆ ಮುಟ್ಟಬೇಡ. ಒಳಗೆ ಫ್ಲಾಸ್ಕಿನಲ್ಲಿ ಕಾಫಿ ಇದೆ, ಎಲ್ಲರಿಗೂ ಕೊಡು ಹೋಗು.' ಎಲ್ಲರೂ ನಕ್ಕರು. ನಾನೂ ನಕ್ಕು ಎದ್ದೆ.

ಫ್ಲಾಸ್ಕು, ಲೋಟ ಹಿಡಿದು ಚಾಪೆಯ ಸುತ್ತ ಒಬ್ಬೊಬ್ಬರ ಬೆನ್ನ ಹಿಂದೆ ಬಗ್ಗಿದೆ. ಮಾವನ ಕೈಯಲ್ಲಿ ಎರಡು ರಾಣಿ. ಭಾವನ ಹತ್ತಿರ ಇಸ್ಪೀಟ್ ಎಕ್ಕ, ಜೊತೆಗೆ ಬರೀ ಪುಡಿ. ಚಿಕ್ಕಪ್ಪ ಎಲೆಗಳನ್ನು ಪೂರ್ತಿ ಬಿಡಿಸಿ ಹಿಡಿದು, ಕಾಫಿಗೆ ಸಕ್ಕರೆ ಸಾಕಾ ಅಂತ ನನ್ನನ್ನೇ ಕೇಳಿದರು. ಯಾರೂ ಎಲೆ ಮುಚ್ಚಲಿಲ್ಲ. ಅತ್ತೆಯ ಹಿಂದೆ ಬಂದು ಲೋಟ ನೀಡುವಷ್ಟರಲ್ಲಿ ಅವರು ತಿರುಗಿಯೂ ನೋಡದೆ ಮೂರೂ ಎಲೆಗಳನ್ನು ಎದೆಗೆ ಒತ್ತಿಕೊಂಡು, 'ಅಲ್ಲೇ ಇಡು, ತಗೋತೀನಿ' ಅಂದರು.