ಫ್ಲೂ ಲಸಿಕೆ, ಎತ್ತಲಾಗದ ತೋಳು, ನಾನು ಜೋಡಿಸಿದ ಕಡತ

ಅಮೆರಿಕದಲ್ಲಿ ಲಸಿಕೆಯಿಂದಾದ ತೊಂದರೆಗೆ ಪರಿಹಾರ ಕೊಡಿಸುವ ವಕೀಲರ ಕಚೇರಿಯಲ್ಲಿ ನಾನು ಪ್ಯಾರಾಲೀಗಲ್. ವಾದ ವಕೀಲರದು, ಆಸ್ಪತ್ರೆಯ ದಾಖಲೆ ತರಿಸಿ, ಓದಿ, ದಿನಾಂಕದ ಪ್ರಕಾರ ಜೋಡಿಸುವುದು ನನ್ನ ಕೆಲಸ. ಈಚೆಗೆ ನಮ್ಮ ಕಡೆಯ ಹಿರಿಯರೊಬ್ಬರ ಕಡತ ಬಂತು. ಫಾರ್ಮಸಿಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡ ರಾತ್ರಿಯಿಂದಲೇ ಅವರಿಗೆ ಎಡಗೈ ಎತ್ತಲಾಗುತ್ತಿರಲಿಲ್ಲ.

ಸೂಜಿ ತೋಳಿನಲ್ಲಿ ತೀರಾ ಮೇಲಕ್ಕೆ ಚುಚ್ಚಿದರೆ ಮದ್ದು ಸ್ನಾಯುವಿನ ಬದಲು ಭುಜದ ಕೀಲಿನ ಬಳಿಯ ಬರ್ಸಾ ಚೀಲಕ್ಕೆ ಸೇರಿ ಉರಿಯೂತ ಏಳಬಹುದು. ಇದಕ್ಕೆ ‘ಸಿರ್ವಾ’ ಎನ್ನುತ್ತಾರೆ. 2017ರಲ್ಲಿ ಇದು ಸರ್ಕಾರದ ಪರಿಹಾರ ಪಟ್ಟಿಗೆ ಸೇರಿತು. ಪಟ್ಟಿಯ ಷರತ್ತಿಗೆ ಹೊಂದಿದರೆ ಲಸಿಕೆಯೇ ಕಾರಣವೆಂದು ಬೇರೆ ಸಾಬೀತು ಮಾಡಬೇಕಿಲ್ಲ. ಚುಚ್ಚಿದವರ ತಪ್ಪನ್ನೂ ತೋರಿಸಬೇಕಿಲ್ಲ. ಕೇಸು ಆರೋಗ್ಯ ಇಲಾಖೆಯ ಕಾರ್ಯದರ್ಶಿಯ ವಿರುದ್ಧ. ದುಡ್ಡು ಬರುವುದು ಲಸಿಕೆಯ ಮೇಲಿನ ತೆರಿಗೆಯಿಂದ: ಒಂದು ರೋಗದ ಲಸಿಕೆಗೆ ಡೋಸಿಗೆ 75 ಸೆಂಟ್. ಇದನ್ನು ಕೇಳಿದ ಮೇಲೇ ಆ ಹಿರಿಯರು (ನನಗೆ ಅಂಕಲ್) ಸಹಿ ಹಾಕಿದ್ದು. “ಹಾಗಾದ್ರೆ ಚುಚ್ಚಿದ ಆ ಹುಡುಗಿಗೆ ಏನೂ ತೊಂದ್ರೆ ಆಗಲ್ಲ ತಾನೇ ಅಮ್ಮ?”

ಷರತ್ತುಗಳಲ್ಲಿ ನನಗೆ ಹೆಚ್ಚು ಕೆಲಸ ಕೊಡುವುದು 48 ಗಂಟೆಯದು. ನೋವು ಅಷ್ಟರೊಳಗೆ ಶುರುವಾಗಿರಬೇಕು. ಮೊದಲು ಆ ಭುಜದಲ್ಲಿ ನೋವಿರಬಾರದು, ನೋವು ಅದೇ ಭುಜಕ್ಕೆ ಸೀಮಿತವಾಗಿರಬೇಕು, ಕತ್ತಿನ ನರದಂಥ ಬೇರೆ ಕಾರಣ ಇರಬಾರದು. ಸಾಮಾನ್ಯವಾಗಿ ತೊಂದರೆ 6 ತಿಂಗಳಿಗೂ ಮೀರಿ ಉಳಿದಿರಬೇಕು. ಅರ್ಜಿಗೆ ಗಡುವು ಮೊದಲ ಲಕ್ಷಣದಿಂದ 3 ವರ್ಷ.

ಅಂಕಲ್ ಡಾಕ್ಟರ ಬಳಿ ಹೋದದ್ದೇ ತಿಂಗಳುಗಳಾದ ಮೇಲೆ. “ಸರಿ ಹೋಗತ್ತೆ ಅಂತ ಅಮೃತಾಂಜನ ಹಚ್ಕೊಂಡು ಕೂತಿದ್ದೆ ಕಣಮ್ಮ.” ಡಾಕ್ಟರ ಚೀಟಿಯಲ್ಲಿ ‘ಕೆಲವು ವಾರಗಳಿಂದ ಭುಜ ನೋವು’ ಎಂದಷ್ಟೇ ಇತ್ತು, ಲಸಿಕೆಯ ಸುದ್ದಿಯೇ ಇಲ್ಲ. ಸರ್ಕಾರಿ ವಕೀಲರು ಮೊದಲು ಬೆರಳಿಡುವುದು ಇಂಥ ಸಾಲಿನ ಮೇಲೆ. ಆದರೆ ನೋವು ಶುರುವಾದ ದಿನ ದಾಖಲಾಗಿರದಿದ್ದರೂ, ತಪ್ಪಾಗಿ ದಾಖಲಾಗಿದ್ದರೂ, ಉಳಿದ ಸಾಕ್ಷ್ಯ ನೋಡಿ ತೀರ್ಮಾನಿಸಲು ಕಾನೂನು ಸ್ಪೆಷಲ್ ಮಾಸ್ಟರ್‌ಗೆ, ಅಂದರೆ ಈ ಕೇಸುಗಳ ತೀರ್ಪು ಕೊಡುವ ನ್ಯಾಯಾಲಯದ ಅಧಿಕಾರಿಗೆ, ಅವಕಾಶ ಕೊಟ್ಟಿದೆ. ಬರೀ ಅರ್ಜಿದಾರರ ಮಾತು ಮಾತ್ರ ಸಾಲದು. ಹಾಗಾಗಿ ಫಿಸಿಯೋಥೆರಪಿಯ ಮೊದಲ ದಿನದ ಫಾರ್ಮ್ ತರಿಸಿದೆ. ಅದರಲ್ಲಿ ಅಂಕಲ್ ತಮ್ಮ ಕೈಯಾರೆ ‘ಫ್ಲೂ ಶಾಟ್ ಆದಾಗಿನಿಂದ’ ಎಂದು ಬರೆದಿದ್ದರು! ಮೈಸೂರಿನ ತಂಗಿಗೆ ಲಸಿಕೆಯ ಮರುದಿನ ಕಳಿಸಿದ ವಾಟ್ಸ್ಯಾಪ್ ಸಂದೇಶವೂ ಸಿಕ್ಕಿತು: ಅಂಗಿ ತೊಡಲು ಆಗುತ್ತಿಲ್ಲ ಅಂತ. ಅನುವಾದದೊಂದಿಗೆ ಅದನ್ನೂ ಲಗತ್ತಿಸಿದೆವು. ಮಗನ ಪ್ರಮಾಣಪತ್ರ ಬೇರೆ.

ನಮ್ಮವರ ಕಡತಗಳಲ್ಲಿ ಇನ್ನೊಂದು ಕಾಟವಿದೆ. ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಸಂಕೋಚಕ್ಕೆ ಮೂರು ಅಂದುಬಿಡುತ್ತಾರೆ. ರಾತ್ರಿಯಿಡೀ ನಿದ್ದೆ ಇಲ್ಲದಿದ್ದರೂ ಮೂರೇ. ಸರ್ಕಾರ ಕೊನೆಗೆ ಗಾಯವನ್ನು ಒಪ್ಪಿಕೊಂಡಿತು. ಮೊತ್ತದ ಚೌಕಾಸಿಯಲ್ಲಿ ಆ ಮೂರುಗಳೆಲ್ಲ ಮೇಜಿಗೆ ಬಂದವು. ನೋವಿಗೆ ಸಿಗುವ ಪರಿಹಾರದ ಮಿತಿ 2,50,000 ಡಾಲರ್. ಬಹಳ ಸಿರ್ವಾ ಕೇಸುಗಳು ಅದರ ಹತ್ತಿರಕ್ಕೂ ಹೋಗುವುದಿಲ್ಲ. ವಕೀಲರ ಶುಲ್ಕ ಅಂಕಲ್ ಪಾಲಿನಿಂದ ಕಡಿತವಾಗಲಿಲ್ಲ, ಅದನ್ನೂ ಈ ಯೋಜನೆಯೇ ಭರಿಸುತ್ತದೆ.

ಸುದ್ದಿ ಹಬ್ಬಿ ಈಗ ಅಂಕಲ್ ಸ್ನೇಹಿತರ ಫೋನ್ ಬರುತ್ತದೆ, ಹೆಚ್ಚಾಗಿ ಕೋವಿಡ್ ಲಸಿಕೆಯ ಬಗ್ಗೆ. ಅದು ಬೇರೆಯದೇ ಯೋಜನೆ: ಲಸಿಕೆ ಪಡೆದ ದಿನದಿಂದ 1 ವರ್ಷದೊಳಗೆ ಅರ್ಜಿ, ನೋವಿಗೆಂದು ದುಡ್ಡಿಲ್ಲ, ವಕೀಲರ ಶುಲ್ಕವೂ ಇಲ್ಲ. ಆ ಅರ್ಜಿಗಳನ್ನು ನಮ್ಮ ಕಚೇರಿ ತೆಗೆದುಕೊಳ್ಳುವುದಿಲ್ಲ.