ಪಾದ್ರಿಗೆ ಸಂಬಳ ಕೊಟ್ಟವರು ಯಾರು? ಅಮೆರಿಕದ ಧರ್ಮದ ಇತಿಹಾಸ ನಾನು ಓದಿದ ಬಗೆ

ಅಮೆರಿಕದಲ್ಲಿ ಕಾಲೇಜು ಓದುವಾಗ ಆ ದೇಶದ ಧರ್ಮದ ಇತಿಹಾಸವನ್ನೂ ಒಂದು ವಿಷಯವಾಗಿ ತೆಗೆದುಕೊಂಡೆ. ಮೊದಲು ತಲೆ ತಿನ್ನುವುದು ಕ್ರೈಸ್ತ ಪಂಗಡಗಳ ಹೆಸರು. ಕಾಂಗ್ರಿಗೇಷನಲ್, ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಕ್ವೇಕರ್, ಪ್ರೆಸ್ಬಿಟೇರಿಯನ್. ಯಾರ ನಂಬಿಕೆ ಏನು ಅಂತ ಸುಮ್ನೆ ಬಾಯಿಪಾಠ ಮಾಡುವುದು ನನಗೆ ಒಗ್ಗಲಿಲ್ಲ. ಅದಕ್ಕೇ ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಾ ಹೋದೆ: ಇವರ ಪಾದ್ರಿಗೆ ಸಂಬಳ ಕೊಟ್ಟವರು ಯಾರು?

ಈ ಪ್ರಶ್ನೆ ನನ್ನನ್ನು ಹಳೇ ಪತ್ರಗಳ ಕಡೆಗೆ ಕರೆದೊಯ್ದಿತು. ಕನೆಕ್ಟಿಕಟ್‌ನಲ್ಲಿ ಆಗ ಕಾಂಗ್ರಿಗೇಷನಲ್ ಪಾದ್ರಿಯ ಸಂಬಳ ಜನರ ತೆರಿಗೆಯಿಂದ ಬರುತ್ತಿತ್ತು. ನಾರ್ವಿಚ್ ಊರಿನ ವಿಧವೆ ಎಲಿಜಬೆತ್ ಬ್ಯಾಕಸ್ ಆ ಚರ್ಚು ಬಿಟ್ಟಿದ್ದರು. ತೆರಿಗೆ ಕೊಡುವುದಿಲ್ಲ ಎಂದರು. 1752ರ ಅಕ್ಟೋಬರಿನ ಒಂದು ಮಳೆಯ ರಾತ್ರಿ, ಮೈ ಹುಷಾರಿಲ್ಲದ ಆಕೆಯನ್ನು ಜೈಲಿಗೆ ಒಯ್ದರು. ಆಕೆ ಮಗ ಐಸಾಕ್‌ಗೆ ಬರೆದ ಪತ್ರ ಉಳಿದಿದೆ. ಅದರಲ್ಲಿ ಗೋಳಾಟ ಇಲ್ಲ, ಗಟ್ಟಿ ನಂಬಿಕೆ ಇದೆ. ಐಸಾಕ್ ಬ್ಯಾಕಸ್ ಮುಂದೆ ಬ್ಯಾಪ್ಟಿಸ್ಟ್ ಪಾದ್ರಿಯಾಗಿ ಈ ತೆರಿಗೆಯ ವಿರುದ್ಧ ಜೀವನಪೂರ್ತಿ ಹೋರಾಡಿದರು. ಈ ಪತ್ರ ಓದಿದ ಮೇಲೆ ಬ್ಯಾಪ್ಟಿಸ್ಟರು ಯಾಕೆ ಅಷ್ಟು ಹಟ ಹಿಡಿದರು ಅಂತ ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ವರ್ಜೀನಿಯಾದಲ್ಲೂ ಜಗಳ ದುಡ್ಡಿನದೇ. ಕ್ರೈಸ್ತ ಬೋಧಕರಿಗಾಗಿ ತೆರಿಗೆ ಹಾಕೋಣ ಎಂದವರು ಪ್ಯಾಟ್ರಿಕ್ ಹೆನ್ರಿ. ಬೇಡ ಎಂದು ಜೇಮ್ಸ್ ಮ್ಯಾಡಿಸನ್ 1785ರಲ್ಲಿ ಬರೆದ ಮನವಿ ಚಿಕ್ಕದು, ಒಂದೇ ಕೂರಿಕೆಯಲ್ಲಿ ಓದಬಹುದು. ಮರುವರ್ಷ ಜೆಫರ್ಸನ್ ಬರೆದಿದ್ದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಅಲ್ಲಿ ಪಾಸಾಯಿತು.

ಹೊಸಬರು ಇಲ್ಲಿ ಒಂದು ವಿಷಯ ಗಮನಿಸಬೇಕು. ಸರ್ಕಾರ ಯಾವ ಧರ್ಮವನ್ನೂ ಅಧಿಕೃತ ಮಾಡಬಾರದು ಎನ್ನುವ, ಅಮೆರಿಕದ ಸಂವಿಧಾನದ 1791ರ ಮೊದಲ ತಿದ್ದುಪಡಿ ಆಗ ಕಟ್ಟಿಹಾಕಿದ್ದು ಕೇಂದ್ರ ಸರ್ಕಾರವನ್ನು ಮಾತ್ರ. ರಾಜ್ಯಗಳು ತಮ್ಮ ದಾರಿಯಲ್ಲೇ ನಡೆದವು. ಚರ್ಚಿನ ತೆರಿಗೆ ಕನೆಕ್ಟಿಕಟ್‌ನಲ್ಲಿ 1818ರವರೆಗೆ, ಮ್ಯಾಸಚೂಸೆಟ್ಸ್‌ನಲ್ಲಿ 1833ರವರೆಗೆ ಇತ್ತು. ನಾನು ನೋಟ್‌ಬುಕ್ಕಿನಲ್ಲಿ ರಾಜ್ಯ, ವರ್ಷ, ಯಾರ ದುಡ್ಡು ಎಂದು ಬರೆದಿಟ್ಟುಕೊಂಡೆ. ಪರೀಕ್ಷೆಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ತೆರಿಗೆಯ ಆಸರೆ ಇಲ್ಲದ ಮೆಥಡಿಸ್ಟ್ ಬೋಧಕರು ಅಲ್ಪ ಸಂಬಳಕ್ಕೆ ಕುದುರೆ ಏರಿ ಕಾಡಂಚಿನ ಊರುಗಳಿಗೂ ಹೋದರು. ಅವರು ಅಷ್ಟು ಬೇಗ ಬೆಳೆದದ್ದಕ್ಕೆ ಇದೂ ಒಂದು ಕಾರಣ.

ನನ್ನ ಕೊನೆಯ ಪ್ರಬಂಧ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ಊರಿನ ಕರಿಯ ಮೆಥಡಿಸ್ಟ್ ಬೋಧಕ ರಿಚರ್ಡ್ ಅಲೆನ್ ಬಗ್ಗೆ. ಗುಲಾಮನಾಗಿ ಹುಟ್ಟಿ, ದುಡಿದು ತನ್ನ ಬಿಡುಗಡೆಯನ್ನು ತಾನೇ ಕೊಂಡವರು. 1794ರಲ್ಲಿ ಕಮ್ಮಾರನ ಹಳೇ ಅಂಗಡಿ ಕಟ್ಟಡವೊಂದನ್ನು ತಮ್ಮ ಜಾಗಕ್ಕೆ ಎಳೆಸಿ ತಂದು ಬೆಥೆಲ್ ಚರ್ಚು ಮಾಡಿದರು. ಬಿಳಿಯ ಮೆಥಡಿಸ್ಟ್ ಮುಖಂಡರು ಅದರ ಮೇಲೆ ಹಕ್ಕು ಸಾಧಿಸಲು ನೋಡಿದರು. ಕಟ್ಟಡ ಹರಾಜಿಗೆ ಬಂದಾಗ ಅಲೆನ್ ತಾವೇ ಕೂಗಿ ಕೊಂಡರು. 1816ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ಬೆಥೆಲ್ ಪರ ನಿಂತಿತು. ಅದೇ ವರ್ಷ ಕರಿಯರದೇ ಆದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚು ಹುಟ್ಟಿತು, ಅಲೆನ್ ಅದರ ಮೊದಲ ಬಿಷಪ್ ಆದರು. ನೀವೂ ಈ ವಿಷಯ ಓದುವುದಾದರೆ ಅಲೆನ್ ಅವರ ಆತ್ಮಕಥೆಯಿಂದಲೇ ಶುರು ಮಾಡಿ. ಪಠ್ಯಪುಸ್ತಕ ಆಮೇಲೆ ಓದಿದರಾಯಿತು.