ಕಾಗದದಲ್ಲಿ ಈಗಲ್: 1:12ರ ಅಳತೆಯಲ್ಲಿ ಚಂದ್ರನೌಕೆಯ ಕಾಕ್‌ಪಿಟ್

1969ರ ಜುಲೈನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಅವರನ್ನು ಚಂದ್ರನ ಮೇಲೆ ಇಳಿಸಿದ ಈಗಲ್ ನೌಕೆಯಲ್ಲಿ ಆಸನಗಳೇ ಇರಲಿಲ್ಲ. ತೂಕ ಉಳಿಸುವ ಸಲುವಾಗಿ ಗ್ರಮ್ಮನ್ ಕಂಪನಿಯ ಎಂಜಿನಿಯರುಗಳು ಆಸನಗಳನ್ನು ಕೈಬಿಟ್ಟು, ಇಬ್ಬರೂ ನಿಂತುಕೊಂಡೇ ನೌಕೆ ನಡೆಸುವಂತೆ ವಿನ್ಯಾಸ ಮಾಡಿದ್ದರು. ಕಾಗದದ ಮಾದರಿ ಮಾಡುವವರಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ. ಮೆತ್ತೆ, ದಿಂಬಿನಂಥ ಉಬ್ಬಿದ ಆಕಾರಗಳು ಕಾಗದಕ್ಕೆ ಒಗ್ಗುವುದಿಲ್ಲ. ಚಪ್ಪಟೆ ಪ್ಯಾನೆಲ್, ಸಿಲಿಂಡರಿನಂಥ ಗೋಡೆ, ತ್ರಿಕೋನ ಕಿಟಕಿ ಚೆನ್ನಾಗಿ ಒಗ್ಗುತ್ತವೆ. ಮೊದಲ ಬಾರಿಗೆ ಬಾಹ್ಯಾಕಾಶ ನೌಕೆಯ ಒಳಾಂಗಣ ಮಾಡಲು ಹೊರಟವರು ಗಗನಯಾತ್ರಿಗಳು ಭೂಮಿಗೆ ಮರಳಿದ ಶಂಕುವಿನಾಕಾರದ ಕಮಾಂಡ್ ಮಾಡ್ಯೂಲಿಗಿಂತ ಈಗಲ್‌ನಂಥ ಚಂದ್ರನೌಕೆಯನ್ನೇ, ಅಂದರೆ ಲೂನಾರ್ ಮಾಡ್ಯೂಲನ್ನೇ ಆರಿಸಿಕೊಳ್ಳುವುದು ಲೇಸು.

ಕೊಡಗಿನಲ್ಲಿ ಈ ಕೆಲಸಕ್ಕೆ ಕೂರುವವರು ಮೊದಲು ಕ್ಯಾಲೆಂಡರ್ ನೋಡಬೇಕು. ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದೂ ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಮನೆಯ ಗೋಡೆಗಳೇ ಬೆವರುವಾಗ, ಒಂದು ದಿನ ಕತ್ತರಿಸಿಟ್ಟ ತುಂಡು ಮರುದಿನ ಕತ್ತರಿಸಿದ ತುಂಡಿಗೆ ಕೂಡದೆ ಹೋದರೆ ಆಶ್ಚರ್ಯವಿಲ್ಲ. ಮಳೆಗಾಲವನ್ನು ನಕ್ಷೆ ಕಲೆಹಾಕಲು, ಲೆಕ್ಕ ಹಾಕಲು ಇಟ್ಟುಕೊಂಡು, ಕತ್ತರಿಸುವ ಮತ್ತು ಅಂಟಿಸುವ ಕೆಲಸವನ್ನು ಡಿಸೆಂಬರಿನಿಂದ ಹೂಮಳೆ ಬೀಳುವವರೆಗಿನ ಒಣ ತಿಂಗಳುಗಳಲ್ಲಿ ಮುಗಿಸುವುದು ಜಾಣತನ. ಕಣದಲ್ಲಿ ಕಾಫಿ ಒಣಗುವ ದಿನಗಳೇ ಕಾಗದಕ್ಕೂ ಹೇಳಿಮಾಡಿಸಿದ ದಿನಗಳು. ಕುಶಾಲನಗರದ ಕಡೆಯವರಿಗೆ ಮಳೆ ಕಡಿಮೆಯಾದ್ದರಿಂದ ಈ ನಿಯಮದಲ್ಲಿ ಸ್ವಲ್ಪ ಸಡಿಲಿಕೆಯುಂಟು.

ನಕ್ಷೆ ಮತ್ತು ಲೆಕ್ಕ

ಅಪೊಲೊ ಯೋಜನೆಯ ಕೈಪಿಡಿಗಳನ್ನು ನಾಸಾ ಸಾರ್ವಜನಿಕರಿಗೆ ಮುಕ್ತವಾಗಿಟ್ಟಿದೆ. ಲೂನಾರ್ ಮಾಡ್ಯೂಲಿನ ಕಾರ್ಯಾಚರಣೆ ಕೈಪಿಡಿಯಲ್ಲಿ ಪ್ಯಾನೆಲ್‌ಗಳ ರೇಖಾಚಿತ್ರಗಳು ಸಂಖ್ಯೆಸಹಿತ ಸಿಗುತ್ತವೆ. ಬಣ್ಣ ಮತ್ತು ಮೇಲ್ಮೈ ತಿಳಿಯಲು ಫೋಟೊ ಬೇಕು. ಚಂದ್ರನ ಮೇಲೆ ಇಳಿದ ಯಾವ ಲೂನಾರ್ ಮಾಡ್ಯೂಲೂ ಭೂಮಿಗೆ ಮರಳಿಲ್ಲವಾದ್ದರಿಂದ, ಇಂದು ತೆಗೆದ ಸ್ಪಷ್ಟ ಫೋಟೊಗಳೆಲ್ಲ ಹಾರದೆ ಉಳಿದ ನೌಕೆಗಳವು; ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿರುವ ಎಲ್‌ಎಂ-2 (ಎರಡನೇ ಲೂನಾರ್ ಮಾಡ್ಯೂಲ್) ಅಂಥದ್ದು. ಒಂದು ನೌಕೆಗೂ ಇನ್ನೊಂದಕ್ಕೂ ಸ್ವಿಚ್ಚುಗಳಲ್ಲಿ ವ್ಯತ್ಯಾಸಗಳಿದ್ದವು. ಯಾವ ನೌಕೆ ಎಂದು ಮೊದಲೇ ತೀರ್ಮಾನಿಸದೆ ಎಲ್ಲ ಚಿತ್ರಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದುಕೊಂಡರೆ ಎಲ್ಲಿಯೂ ಇಲ್ಲದ ನೌಕೆಯೊಂದು ತಯಾರಾಗುತ್ತದೆ.

ಗಗನಯಾತ್ರಿಗಳು ನಿಲ್ಲುತ್ತಿದ್ದ ಮುಂಭಾಗದ ಕೋಣೆ 92 ಇಂಚು ವ್ಯಾಸದ, 42 ಇಂಚು ಆಳದ ಸಿಲಿಂಡರ್. 1:12ರಲ್ಲಿ ಅದು ಸುಮಾರು 195 ಮಿ.ಮೀ. ವ್ಯಾಸ, 89 ಮಿ.ಮೀ. ಆಳಕ್ಕೆ ಇಳಿಯುತ್ತದೆ. ಮೂಲದ ಒಂದು ಅಡಿ ಮಾದರಿಯಲ್ಲಿ ಒಂದು ಇಂಚು, ಅಷ್ಟೇ ಲೆಕ್ಕ. ಮುಂಗೋಡೆ ಎ-4 ಹಾಳೆಯ ಅಗಲದೊಳಗೆ ಕೂರುತ್ತದೆ. ಸುತ್ತಳತೆ ಮಾತ್ರ 612 ಮಿ.ಮೀ. ಬರುವುದರಿಂದ ಅದರ ಅರ್ಧ ಭಾಗವೂ 297 ಮಿ.ಮೀ. ಉದ್ದದ ಹಾಳೆಗೆ ಚೂರು ಹೆಚ್ಚಾಗುತ್ತದೆ. ಹಾಗಾಗಿ ಗೋಡೆಯನ್ನು ಮೂರು ಪಟ್ಟಿಗಳಲ್ಲಿ ಮಾಡಬೇಕು.

ಸಾಮಾನು

ಗೋಡೆಗೆ 200–220 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಹಾಳೆ, ಪ್ಯಾನೆಲ್‌ಗಳ ಮುದ್ರಣಕ್ಕೆ 100 ಜಿಎಸ್‌ಎಂ, ಒಳಗಿನ ಚೌಕಟ್ಟಿಗೆ ಬೈಂಡಿಂಗ್‌ನವರು ಬಳಸುವ 2 ಮಿ.ಮೀ. ರಟ್ಟು ಬೇಕು. ಪೇಪರ್ ಕಟರ್ ದಪ್ಪ ಕೆಲಸಕ್ಕೆ ಸಾಕು. ಸೂಕ್ಷ್ಮ ಕೆಲಸಕ್ಕೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ 11ನೇ ನಂಬರಿನ ಸರ್ಜಿಕಲ್ ಬ್ಲೇಡು ಮತ್ತು ಅದರ 3ನೇ ನಂಬರಿನ ಹಿಡಿ ಅತ್ಯುತ್ತಮ. ಸ್ಟೀಲ್ ಸ್ಕೇಲ್, ಚಿಮಟ, ಮಡಿಕೆಯ ಗೆರೆ ಒತ್ತಲು ಶಾಯಿ ಮುಗಿದ ಬಾಲ್‌ಪೆನ್, ಫೆವಿಕಾಲ್, ಅಂಟಿನ ಕಡ್ಡಿ ಇರಲಿ. ಮುದ್ರಣ ಲೇಸರ್ ಪ್ರಿಂಟರಿನದ್ದೇ ಆಗಬೇಕು, ಏಕೆಂದರೆ ಇಂಕ್‌ಜೆಟ್ ಶಾಯಿ ನಮ್ಮ ಹವೆಯಲ್ಲಿ ಹರಡುತ್ತದೆ.

ಮೈದಾ ಅಂಟನ್ನು ಬಳಸಲೇಬೇಡಿ ಎನ್ನಲಾರೆ. ಬೂಷ್ಟು ಮತ್ತು ಹುಳು ಬಾರದಂತೆ ಬೈಂಡಿಂಗ್‌ನವರು ಅದಕ್ಕೆ ಮೈಲುತುತ್ತ ಬೆರೆಸುವ ರೂಢಿಯಿದೆ. ಮಳೆಗೆ ಮುಂಚೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಫಿ, ಕರಿಮೆಣಸಿನ ತೋಟದ ಮನೆಗಳಲ್ಲಿ ಮೈಲುತುತ್ತಕ್ಕೆ ಕೊರತೆಯೂ ಇಲ್ಲ. ಆದರೆ ಅದು ವಿಷ, ಕಾಗದಕ್ಕೆ ನೀಲಿ ಛಾಯೆಯನ್ನೂ ಹತ್ತಿಸುತ್ತದೆ. ಆದ್ದರಿಂದ ಅದು ಪೀಠದ ರಟ್ಟಿಗಷ್ಟೇ ಇರಲಿ, ಮಕ್ಕಳ ಕೈಗೆ ಸಿಗದಿರಲಿ.

ಮೊದಲು ಪ್ಯಾನೆಲ್, ಆಮೇಲೆ ಗೋಡೆ

ಹೆಚ್ಚಿನವರು ಹೊರ ಆಕಾರ ಕಟ್ಟಿ ಆಮೇಲೆ ಒಳಗೆ ಅಂಟಿಸಲು ಹೋಗುತ್ತಾರೆ. 195 ಮಿ.ಮೀ. ಗೂಡಿನೊಳಗೆ ಕೈ ಮತ್ತು ಚಿಮಟ ಎರಡೂ ಆಡುವುದಿಲ್ಲ. ಪ್ರತಿ ಪ್ಯಾನೆಲ್ಲನ್ನೂ ಮೇಜಿನ ಮೇಲೆ ಪೂರ್ತಿ ಮುಗಿಸಿ, ಕೊನೆಗೆ ಜೋಡಿಸುವುದೇ ಸರಿಯಾದ ಕ್ರಮ.

ಒಂದು ಗಡಿಯಾರದಂಥ ಮಾಪಕವನ್ನು ಮುದ್ರಿಸಿ ಅಂಟಿಸಿದರೆ ಅದು ಚಿತ್ರವಾಗಿಯೇ ಉಳಿಯುತ್ತದೆ. ಅದನ್ನೇ ನಾಲ್ಕು ಪದರಗಳಲ್ಲಿ ಮಾಡಿದರೆ, ಅಂದರೆ ಹಿಂದೆ ಮುಖಬಿಲ್ಲೆ, ಅದರ ಮೇಲೆ ರಂಧ್ರ ಕೊರೆದ ಪ್ಯಾನೆಲ್, ನಡುವೆ ಗಾಜಿನ ಬದಲಿಗೆ ಓಎಚ್‌ಪಿ ಹಾಳೆಯ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ತುಣುಕು, ಎಲ್ಲದರ ಮೇಲೆ ತೆಳುವಾದ ಉಂಗುರ ಕೂರಿಸಿದರೆ, ನೆರಳು ತಾನಾಗಿ ಬಿದ್ದು ಆಳ ಕಾಣತೊಡಗುತ್ತದೆ. ರಂಧ್ರಗಳನ್ನು ಮೊದಲು ಕೊರೆಯಿರಿ, ಹೊರ ಅಂಚನ್ನು ಕೊನೆಗೆ ಕತ್ತರಿಸಿ. ಅಗಲವಾದ ಹಾಳೆ ಹಿಡಿತಕ್ಕೆ ಸಿಗುತ್ತದೆ, ಹರಿಯುವುದಿಲ್ಲ. ಕತ್ತರಿಸಿದ ಪ್ರತಿ ಅಂಚಿನಲ್ಲೂ ಕಾಗದದ ಬಿಳುಪು ಇಣುಕುತ್ತದೆ; ಅದಕ್ಕೆ ಬೂದುಬಣ್ಣದ ಜಲವರ್ಣವನ್ನು ಬಹುತೇಕ ಒಣ ಕುಂಚದಿಂದ ಸವರಬೇಕು. ಈ ಒಂದು ಕೆಲಸವನ್ನು ಮಾಡದೆ ಬಿಟ್ಟರೆ ಉಳಿದ ಎಲ್ಲ ಶ್ರಮವೂ ದಂಡ.

ಇಬ್ಬರ ನಡುವೆ, ಕೆಳಗಡೆ ಇದ್ದ ಗಣಕದ ಕೀಲಿಮಣೆ 'ಡಿಸ್ಕಿ' ಇಡೀ ಮಾದರಿಯ ಅತಿ ಕಠಿಣ ತುಂಡು. ಮೂಲದಲ್ಲಿ ಸುಮಾರು 8 ಇಂಚು ಚೌಕದ ಈ ಪೆಟ್ಟಿಗೆ ಮಾದರಿಯಲ್ಲಿ 17 ಮಿ.ಮೀ. ಆಗುತ್ತದೆ, ಅದರ ಕೆಳ ಅರ್ಧದಲ್ಲಿ 19 ಕೀಲಿಗಳು ಏಳು ಕಂಬಸಾಲುಗಳಲ್ಲಿ ಕೂರಬೇಕು. ಒಂದೊಂದು ಕೀಲಿಯೂ 2 ಮಿ.ಮೀ.ಗೆ ಮೀರದು. ಒಂದೇ ಮುದ್ರಣದ ಎರಡು ಪ್ರತಿ ತೆಗೆದು, ಒಂದನ್ನು ತಳವಾಗಿ ಇಟ್ಟು, ಇನ್ನೊಂದನ್ನು ದಪ್ಪ ಹಾಳೆಗೆ ಅಂಟಿಸಿ ಒಣಗಿದ ಮೇಲೆ ಕೀಲಿಗಳನ್ನು ಚೌಕವಾಗಿ ಕತ್ತರಿಸಿ. ಬಾಲ್‌ಪೆನ್ ಮೊನೆಗೆ ಒಂದಿಷ್ಟು ಅಂಟಿನ ಕಡ್ಡಿ ಸವರಿಕೊಂಡರೆ ಚಿಮಟದಿಂದ ಸಿಡಿದುಹೋಗುವ ಈ ಚೂರುಗಳನ್ನು ಎತ್ತಿ ಇಡಬಹುದು. 600 ಡಿಪಿಐ (ಇಂಚಿಗೆ 600 ಚುಕ್ಕೆ) ಮುದ್ರಣದಲ್ಲಿ ಒಂದು ಚುಕ್ಕೆ 0.04 ಮಿ.ಮೀ.; ಮೂಲದಲ್ಲಿ 4 ಮಿ.ಮೀ. ಎತ್ತರದ ಅಕ್ಷರಕ್ಕೆ ಇಲ್ಲಿ ಎಂಟೇ ಚುಕ್ಕೆ ಸಿಗುತ್ತವೆ, ಭೂತಗನ್ನಡಿಯಲ್ಲಿ ಓದಲು ಅಷ್ಟು ಸಾಕು.

ಡಿಸ್ಕಿಯ ಪರದೆಯ ಮೇಲಿನ ಹಸಿರು ಅಂಕಿಗಳನ್ನು ಮನಬಂದಂತೆ ಹಾಕಬಾರದು. ಇಳಿಯುವಾಗ ಗಣಕ ಮೊದಲ ಬಾರಿ ಎಚ್ಚರಿಕೆ ಕೊಟ್ಟ ಕ್ಷಣವನ್ನು ಆರಿಸಿಕೊಂಡರೆ, ಪ್ರೋಗ್ರಾಮ್ 63, ವರ್ಬ್ 05, ನೌನ್ 09, ಅದರ ಕೆಳಗೆ ಎಚ್ಚರಿಕೆಯ ಸಂಖ್ಯೆ 01202 ಎಂದಿರಬೇಕು. ಕ್ಷಣ ಆರಿಸಿದ ಮೇಲೆ ಉಳಿದೆಲ್ಲವೂ ಅದಕ್ಕೆ ತಾಳೆಯಾಗಬೇಕು. ಎಂಜಿನ್ ಚಾಲನೆಯ ಸರ್ಕ್ಯೂಟ್ ಬ್ರೇಕರಿನ ಗುಂಡಿ ಮುರಿದಿದ್ದು, ಆಲ್ಡ್ರಿನ್ ಸ್ಕೆಚ್ ಪೆನ್ನಿನಿಂದ ಅದನ್ನು ಒಳಗೆ ಒತ್ತಿದ್ದು ಪ್ರಸಿದ್ಧ ಸಂಗತಿ. ಆದರೆ ಮುರಿದಿದ್ದು ಗೊತ್ತಾದದ್ದು ಚಂದ್ರನ ಮೇಲೆ ನಡೆದಾಡಿ ಬಂದ ನಂತರ. ಆದ್ದರಿಂದ 1202 ತೋರುವ ಮಾದರಿಯಲ್ಲಿ ಬಲಗಡೆಯ 16ನೇ ಪ್ಯಾನೆಲ್‌ನ ಆ ಗುಂಡಿ ಇಡಿಯಾಗಿಯೇ ಇರಬೇಕು.

ಎಡಗಡೆಯ 11 ಮತ್ತು ಬಲಗಡೆಯ 16ನೇ ಪ್ಯಾನೆಲ್‌ಗಳಲ್ಲಿ ಇಂಥ ಬ್ರೇಕರುಗಳು ಒಟ್ಟು ನೂರಕ್ಕೂ ಹೆಚ್ಚು. 18 ಗೇಜಿನ ಹೊಸ ಇಂಜೆಕ್ಷನ್ ಸೂಜಿಯ ತುದಿಯನ್ನು ಅರದಿಂದ ಚಪ್ಪಟೆಯಾಗಿ ತೇಯ್ದು ಹರಿತಗೊಳಿಸಿದರೆ 1 ಮಿ.ಮೀ.ಗಿಂತ ಚಿಕ್ಕ ಬಿಲ್ಲೆಗಳನ್ನು ಕೊರೆಯುವ ಪಂಚ್ ಸಿಗುತ್ತದೆ. ಎರಡು ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿದರೆ ಒಂದು ಗುಂಡಿ. ಈ ಪ್ಯಾನೆಲ್‌ಗಳ ಸಾಲುಗಳು ಮೆಟ್ಟಿಲಿನಂತೆ, ಪ್ರತಿಯೊಂದೂ ಗಗನಯಾತ್ರಿಯ ಕಣ್ಣಿನತ್ತ ಬೇರೆ ಬೇರೆ ಕೋನದಲ್ಲಿ ಬಾಗಿರುವುದನ್ನು ಮರೆಯಬೇಡಿ.

ಇಬ್ಬರ ಮುಂದೆಯೂ ಒಂದೊಂದಿದ್ದ, ನೌಕೆಯ ವಾಲಿಕೆ ತೋರಿಸುವ ಗೋಳಕ್ಕೆ ಒಂದು ಉಪಾಯವಿದೆ. ತೆಳು ಕಾಗದದ ಬಿಲ್ಲೆಯನ್ನು ತುಸು ಒದ್ದೆ ಮಾಡಿ, ಅಳಿಸುವ ರಬ್ಬರಿನ ಮೇಲಿಟ್ಟು, ಸೈಕಲ್ ಬೇರಿಂಗಿನ ಗುಂಡಿನಿಂದ ಸುತ್ತುತ್ತ ಒತ್ತಿದರೆ ಅದು ಗುಮ್ಮಟದಂತೆ ಉಬ್ಬುತ್ತದೆ. ಅರ್ಧ ತಿಳಿಬಣ್ಣ, ಅರ್ಧ ಕಪ್ಪು ಬಳಿದರಾಯಿತು.

ಗೋಡೆ ಮತ್ತು ಕಿಟಕಿ

ಹಾಳೆಗೆ ನಾರಿನ ದಿಕ್ಕು ಇರುತ್ತದೆ. ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿದರೆ ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಬಾಗಿನ ಅಕ್ಷವೇ ನಾರಿನ ದಿಕ್ಕು. ಸಿಲಿಂಡರಿನ ಉದ್ದ ಈ ದಿಕ್ಕಿಗೆ ಸಮಾನಾಂತರವಾಗಿರಲಿ. ತಪ್ಪಿದರೆ ಗೋಡೆ ದುಂಡಗೆ ಬರದೆ ಮುರಿದ ಮಡಿಕೆಗಳಾಗಿ ಬರುತ್ತದೆ. ಪಟ್ಟಿಗಳನ್ನು ಮೇಜಿನ ಅಂಚಿಗೆ ಎಳೆದು ಮೊದಲೇ ಬಾಗಿಸಿ, ರಟ್ಟಿನ ಬಳೆಗಳ ಮೇಲೆ ಅಂಟಿಸಿ. ಹಿಂಬದಿ ತೆರೆದಿರಲಿ, ನೋಡುವವರು ಗಗನಯಾತ್ರಿಗಳ ಬೆನ್ನ ಹಿಂದೆ ನಿಂತಂತೆ ಕಾಣಬೇಕು.

ಮುಂಗೋಡೆಯ ಎರಡು ತ್ರಿಕೋನ ಕಿಟಕಿಗಳು ಕೆಳಕ್ಕೂ ಪಕ್ಕಕ್ಕೂ ಏಕಕಾಲದಲ್ಲಿ ವಾಲಿವೆ. ಈ ಮಡಿಕೆ ಕಾಗದದ ಮೇಲೆ ಲೆಕ್ಕಕ್ಕೆ ಸಿಕ್ಕಂತೆ ಕಂಡರೂ ಕೈಗೆ ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಹಳೆಯ ಮದುವೆ ಕಾರ್ಡುಗಳಲ್ಲಿ ಒಮ್ಮೆ ಕಚ್ಚಾ ಮಾಡಿ ನೋಡಿಯೇ ಒಳ್ಳೆಯ ಹಾಳೆಗೆ ಕೈ ಹಾಕಬೇಕು. ಎಡಗಿಟಕಿಯ ಎರಡೂ ಗಾಜುಗಳ ಮೇಲೆ, ಇಳಿಯುವ ಜಾಗ ಗುರುತಿಸಲು ಕಮಾಂಡರ್ ಬಳಸುತ್ತಿದ್ದ ಅಳತೆಗೆರೆಗಳಿದ್ದವು. ಓಎಚ್‌ಪಿ ಹಾಳೆಯ ಎರಡು ಪದರಗಳ ಮೇಲೆ ಸೂಜಿಮೊನೆಯಿಂದ ಅದನ್ನು ಗೀಚಿದರೆ, ಸರಿಯಾದ ಎತ್ತರದಿಂದ ನೋಡಿದಾಗ ಎರಡೂ ಗೆರೆಗಳು ಒಂದಾಗುತ್ತವೆ, ಮೂಲದಲ್ಲಿದ್ದಂತೆಯೇ.

ಎಲ್ಲ ಕೂಡಿದ ಮೇಲೆ, ಬಿಸಿಲಿರುವ ಒಣ ದಿನ ನೋಡಿ ತೆಳುವಾಗಿ ಮ್ಯಾಟ್ ವಾರ್ನಿಷ್ ಸಿಂಪಡಿಸಿ. ಮಾದರಿಯ ಕಿಟಕಿಗಳಿಗೆ ವಾರ್ನಿಷ್ ತಾಗದಂತೆ ಮೊದಲೇ ಮುಚ್ಚಿಕೊಂಡಿರಿ. ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪೀಠದ ಕೆಳಗಿನ ಖಾನೆಯಲ್ಲಿ ಬಣ್ಣ ಬದಲಿಸುವ ಜಾತಿಯ ಸಿಲಿಕಾ ಜೆಲ್ ಇಡಬೇಕು. ನೀಲಿ ಹರಳುಗಳು ಗುಲಾಬಿಗೆ ತಿರುಗಿದರೆ ಹೊರತೆಗೆದು, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ ವಾಪಸ್ ಇಡಿ. ಆಟಿಯ ಮಳೆಯಲ್ಲಿ ಈ ಕೆಲಸ ಪದೇ ಪದೇ ಬೀಳುತ್ತದೆ, ಆದ್ದರಿಂದ ಖಾನೆಯ ಬಾಗಿಲು ಹಿಂಬದಿಯಿಂದ ತೆರೆಯುವಂತಿದ್ದರೆ ಮಾದರಿಯನ್ನು ಅಲುಗಿಸಬೇಕಾಗುವುದಿಲ್ಲ.